ಮಾಘದ ಎದುರು ಗಾಳಿ

“ಗುರುಗಳೇ, ನನ್ನ ಕಾಲ ಇನ್ನೂ ಬಂದಿಲ್ಲವೇ?” ಎಂದು ಶಿಷ್ಯ ಕೇಳಿದ. “ಮೂರು ವರ್ಷವಾಯಿತು, ಕೂತಲ್ಲೇ ಕೂತಿದ್ದೇನೆ. ನನ್ನ ಜೊತೆ ಕಲಿಯಲು ಬಂದವರೆಲ್ಲ ಎಲ್ಲೆಲ್ಲಿಗೋ ಮುಟ್ಟಿದರು. ಊರಿನಿಂದ ಬಂದವರು ‘ಇನ್ನೂ ಇಲ್ಲೇ ಇದ್ದೀಯಾ?’ ಎನ್ನುತ್ತಾರೆ. ಈಗ ಊರಿಗೆ ಹೋಗಿದ್ದು, ಅನುಕೂಲದ ಕಾಲ ಬಂದಾಗ ಮರಳಿ ಬರಲೇ?”

ಗುರು ಆಗಷ್ಟೇ ಊಟ ಮುಗಿಸಿದ್ದರು. ಅವರು ಅವನಿಗೆ ಹೋಗು ಎನ್ನಲಿಲ್ಲ, ಇರು ಎನ್ನಲಿಲ್ಲ. “ಕೂತುಕೋ” ಎಂದರು. “ಒಳ್ಳೆಯ ಕಾಲ ಹುಡುಕಿದ ಒಬ್ಬ ವ್ಯಾಪಾರಿಯ ಕತೆ ಹೇಳುತ್ತೇನೆ. ಅವನೂ ನಿನ್ನಂತೆಯೇ ಬುದ್ಧಿವಂತ. ಅದೇ ಅವನಿಗಿದ್ದ ತೊಂದರೆ.”

ಕತೆ ಹೀಗಿತ್ತು.

ಕಡಲ ದಡದಲ್ಲಿ ಒಂದು ಊರಿತ್ತು. ಆ ಊರಿನ ಅನುಕೂಲಸ್ಥರಿಗೆ ಒಂದು ಅಭ್ಯಾಸ. ವರ್ಷಕ್ಕೊಮ್ಮೆ ಹಾಯಿದೋಣಿ ಗೊತ್ತು ಮಾಡಿಕೊಂಡು, ಹೆಂಡತಿ ಮಕ್ಕಳ ಸಮೇತ, ಬಡಗಣ ದಿಕ್ಕಿನಲ್ಲಿದ್ದ ಒಂದು ನಡುಗಡ್ಡೆಗೆ ಹೋಗಿಬರುತ್ತಿದ್ದರು. ವ್ಯಾಪಾರಕ್ಕಲ್ಲ, ಹರಕೆ ತೀರಿಸುವುದಕ್ಕಲ್ಲ. ಸುಮ್ಮನೆ, ಸಂತೋಷಕ್ಕೆ. ನಡುಗಡ್ಡೆಯಲ್ಲಿ ಸಿಹಿನೀರಿನ ಒಂದು ಬಾವಿ, ಒಂದಿಷ್ಟು ಮರಳು, ತುಂಬ ಹಕ್ಕಿಗಳು. ಬೇರೇನೂ ಇರಲಿಲ್ಲ. ಬೇರೇನೂ ಇಲ್ಲದ ಜಾಗಕ್ಕೆ ಹೋಗುವುದೇ ದೊಡ್ಡವರ ಲಕ್ಷಣ ಎಂದು ಆ ಊರು ತಿಳಿದಿತ್ತು.

ದೋಣಿ ಹೊರಡುವ ದಿನ ಊರಿಗೆ ಊರೇ ದಡಕ್ಕೆ ಬರುತ್ತಿತ್ತು. ಡೋಲು ಬಡಿಯುತ್ತಿದ್ದರು. ಮನೆಯ ಹಿರಿಯ ಹೆಂಗಸು ಒಂದು ಪುಟ್ಟ ಹಣತೆಯಲ್ಲಿ ಎರಡು ಚಮಚ ಎಣ್ಣೆ ಹಾಕಿ, ಬತ್ತಿ ಹಚ್ಚಿ, ಕಡಲಿಗೆ ಆರತಿ ಎತ್ತುತ್ತಿದ್ದಳು. ಬಂದರಿನ ಬಡಗಣ ತುದಿಯಲ್ಲಿ ಒಂದು ಗುಡ್ಡ ಕಡಲಿನೊಳಕ್ಕೆ ಚಾಚಿಕೊಂಡಿತ್ತು. ಹಣತೆ ಆರುವುದರೊಳಗೆ ದೋಣಿ ಆ ಗುಡ್ಡವನ್ನು ದಾಟಿ ಮರೆಯಾಗಬೇಕು. ಹಾಗಾದರೆ ಮನೆತನಕ್ಕೆ ಹೆಸರು. ಆಗದಿದ್ದರೆ ವರ್ಷವಿಡೀ ಊರಿಗೆ ಮಾತಾಡಲು ಒಂದು ವಿಷಯ.

ಹಾಗಾಗಿ ಎಲ್ಲರೂ ವೈಶಾಖದ ಕೊನೆಯಲ್ಲಿ ಹೊರಡುತ್ತಿದ್ದರು. ಆಗ ಆ ಕಡಲಿನಲ್ಲಿ ತೆಂಕಣ ಗಾಳಿ ಏಳುತ್ತದೆ. ಹಾಯಿ ಬಿಚ್ಚಿದರೆ ಸಾಕು, ದೋಣಿ ಬಡಗಣ ದಿಕ್ಕಿಗೆ ಓಡುತ್ತದೆ. ಎರಡೇ ದಿನಕ್ಕೆ ನಡುಗಡ್ಡೆ. ಆ ಊರಿನವರು ಹೊರಡುವುದರಲ್ಲಿ ನಿಸ್ಸೀಮರು.

ಬರುವ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ಬರುವಾಗ ಅದೇ ತೆಂಕಣ ಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಅದರ ಹಿಂದೆಯೇ ಮಳೆಗಾಲದ ಮೋಡ ಬೇರೆ. ತಂದ ಅಕ್ಕಿ ಮುಗಿದು, ಮಕ್ಕಳಿಗೆ ವಾಂತಿ ಹಿಡಿದು, ಅರ್ಧ ದಾರಿಯಲ್ಲಿ ಯಾವುದೋ ಹಳ್ಳಿಯ ದಡಕ್ಕೆ ಬಿದ್ದು, ಅಲ್ಲಿಂದ ಎತ್ತಿನ ಗಾಡಿ ಹಿಡಿದು, ಮನೆಯ ಹಿತ್ತಿಲ ಬಾಗಿಲಿನಿಂದ ಸದ್ದಿಲ್ಲದೆ ಒಳಗೆ ಸೇರುತ್ತಿದ್ದರು. ಹೋದದ್ದು ಹಾಯಿಯಲ್ಲಿ, ಬಂದದ್ದು ಗಾಡಿಯಲ್ಲಿ. ಊರು ಮಾತ್ರ ಹೋದದ್ದನ್ನೇ ನೆನಪಿಟ್ಟುಕೊಳ್ಳುತ್ತಿತ್ತು. ಹೋದವರೂ ಅದನ್ನೇ ಹೇಳಿಕೊಳ್ಳುತ್ತಿದ್ದರು.

ಆ ಊರಿನಲ್ಲಿ ಒಬ್ಬ ವ್ಯಾಪಾರಿಯಿದ್ದ. ಅವನ ಹೆಂಡತಿ ದೋಣಿ ಕಟ್ಟುವವನ ಮಗಳು. ಸರಿಯಾಗಿ ನಡೆಯುವುದಕ್ಕೆ ಮೊದಲೇ ಹಾಯಿಯ ಹಗ್ಗ ಹಿಡಿದವಳು. ಮದುವೆಯಾದ ವರ್ಷ ವ್ಯಾಪಾರಿ ಅವಳನ್ನು ನಡುಗಡ್ಡೆಗೆ ಕರೆದುಕೊಂಡು ಹೋದ. ವೈಶಾಖದಲ್ಲೇ. ಅವರ ದೋಣಿ ಗುಡ್ಡ ದಾಟಿದಾಗ ಹಣತೆಯಲ್ಲಿ ಅರ್ಧ ಎಣ್ಣೆ ಉಳಿದಿತ್ತಂತೆ. ಊರು ಅದನ್ನು ಇವತ್ತಿಗೂ ಹೇಳುತ್ತದೆ.

ಅವಳ ತಂದೆ ಆಗ ಹಾಸಿಗೆ ಹಿಡಿದಿದ್ದ. “ಎಂಟನೇ ದಿನಕ್ಕೆ ಬರುತ್ತೇವೆ” ಎಂದು ವ್ಯಾಪಾರಿ ಅವನ ಕೈ ಹಿಡಿದು ಹೇಳಿ ಹೋಗಿದ್ದ. ಅವರು ಬಂದದ್ದು ಇಪ್ಪತ್ತಮೂರನೇ ದಿನ. ಎದುರು ಗಾಳಿ, ಆಮೇಲೆ ಮಳೆ, ನಡುಗಡ್ಡೆಯಿಂದ ದೋಣಿ ಕದಲಲಿಲ್ಲ. ಮನೆಗೆ ಬಂದಾಗ ತಂದೆಯ ಹದಿಮೂರು ದಿನದ ಕಾರ್ಯವೂ ಮುಗಿದಿತ್ತು. ಕೊನೆಯವರೆಗೂ ಮುದುಕ ಮಗಳು ಬಂದಳೇ ಎಂದು ಕೇಳುತ್ತಿದ್ದನಂತೆ.

ಹೆಂಡತಿ ಜಗಳವಾಡಲಿಲ್ಲ. “ಇನ್ನು ನನಗೆ ಕಡಲು ಬೇಡ” ಎಂದಳು, ಅಷ್ಟೇ. ಹನ್ನೆರಡು ವರ್ಷ ಅವಳು ದೋಣಿ ಹತ್ತಲಿಲ್ಲ. ಮನೆ ನಡೆಸಿದಳು, ಗಂಡನಿಗೆ ಬಡಿಸಿದಳು, ನಗಬೇಕಾದಲ್ಲಿ ನಕ್ಕಳು. ಆದರೆ ಅವನು ‘ನಾಳೆ ಬರುತ್ತೇನೆ’ ಎಂದರೆ ಅವಳು ತಲೆಯಾಡಿಸುತ್ತಿದ್ದಳೇ ಹೊರತು, ನಾಳೆಗೆಂದು ಅವನ ಪಾಲಿನ ಅಕ್ಕಿ ಅಳೆಯುತ್ತಿರಲಿಲ್ಲ. ಬಂದು ನಿಂತ ಮೇಲೆಯೇ ಅಳೆಯುತ್ತಿದ್ದಳು. ಅದು ವ್ಯಾಪಾರಿಗೆ ಗೊತ್ತಿತ್ತು. ಅದು ಅವನನ್ನು ತಿನ್ನುತ್ತಿತ್ತು.

ಹನ್ನೆರಡನೇ ವರ್ಷ ಅವನು ಧೈರ್ಯ ಮಾಡಿ ಕೇಳಿದ. “ಇನ್ನೊಂದು ಸಲ ಹೋಗೋಣ. ನೀನು ಕಡಲಿನಲ್ಲಿ ಇದ್ದ ಹಾಗೆ ಮನೆಯಲ್ಲಿ ಯಾವತ್ತೂ ಇಲ್ಲ. ನನಗೆ ಆ ಹೆಂಡತಿ ಬೇಕು.”

ಅವಳು ಹೊಸ್ತಿಲಿನ ಕಡೆ ನೋಡಿದಳು. ಆಮೇಲೆ ಹೇಳಿದಳು. “ಬರ್ತೇನೆ. ಹೊರಟು ಹತ್ತನೇ ದಿನ, ಹೊತ್ತು ಮುಳುಗೂದರ ಒಳಗೆ, ನಾನು ಈ ಹೊಸ್ತಿಲು ದಾಟಿ ಒಳಗೆ ಬರಬೇಕು. ಗಾಡಿಯಲ್ಲಿ ಅಲ್ಲ, ದೋಣಿಯಲ್ಲೇ ಬರಬೇಕು. ಒಂದು ದಿನ ತಪ್ಪಿದರೂ, ಇನ್ನು ನೀವು ಯಾವ ಮಾತು ಕೊಟ್ಟರೂ ನಾನು ಕಿವಿಯಲ್ಲಿ ಕೇಳ್ತೇನೆ, ಒಳಗೆ ತಗೊಳ್ಳೂದಿಲ್ಲ.”

ವ್ಯಾಪಾರಿ ಒಪ್ಪಿದ. ಒಪ್ಪಿದ ಮೇಲೆ ಅವನಿಗೆ ಹೆದರಿಕೆಯಾಯಿತು. ಆ ಊರಿನಲ್ಲಿ ಬರುವ ದಿನ ಹೇಳಿ ಹೊರಟವರು ಯಾರೂ ಇರಲಿಲ್ಲ.

ಅವನು ದೋಣಿ ನಡೆಸುವ ಯಜಮಾನರನ್ನು, ಎಂದರೆ ತಾಂಡೇಲರನ್ನು, ಒಬ್ಬೊಬ್ಬರಾಗಿ ಕಂಡ. ನಡುಗಡ್ಡೆಗೆ ಒಳ್ಳೆಯ ಕಾಲ ಯಾವುದು ಎಂದು ಕೇಳಿದ. ಎಲ್ಲರೂ ವೈಶಾಖ ಎಂದರು. ಒಬ್ಬನಂತೂ, ಈ ಸಲ ಮುಕ್ಕಾಲು ಎಣ್ಣೆ ಉಳಿಸಿ ಕೊಡುತ್ತೇನೆ ಎಂದು ಎದೆ ತಟ್ಟಿಕೊಂಡ.

ಕೊನೆಗೆ ಒಬ್ಬ ಮುದಿ ತಾಂಡೇಲ ಉಳಿದ. ಅವನನ್ನು ವಿಹಾರಕ್ಕೆ ಕರೆಯುವವರು ಇರಲಿಲ್ಲ. ವೈಶಾಖದಲ್ಲಿ ಅವನು ದೋಣಿಯನ್ನು ದಡಕ್ಕೆ ಎಳೆದು, ತೆಂಗಿನ ಗರಿಯ ಮಡಲು ಹೊದಿಸಿ, ಮಲಗಿಬಿಡುತ್ತಿದ್ದ. ವ್ಯಾಪಾರಿ ಅವನನ್ನೂ ಕೇಳಿದ.

“ಒಳ್ಳೆಯ ಕಾಲ ಹೋಗೂದಕ್ಕಾ, ಬರೂದಕ್ಕಾ?” ಎಂದ ಮುದುಕ.

“ಎರಡಕ್ಕೂ” ಎಂದ ವ್ಯಾಪಾರಿ.

“ಎರಡಕ್ಕೂ ಒಳ್ಳೇದಾದ ಕಾಲವನ್ನು ದೇವರು ಇನ್ನೂ ಮಾಡ್ಲಿಲ್ಲ, ಮಾರಾಯರೇ. ಹೋಗುವಾಗ ಬೆನ್ನಿಗೆ ಬಂದ ಗಾಳಿ ಬರುವಾಗ ಮುಖಕ್ಕೆ ಹೊಡೀತದೆ. ಆ ಪೆಟ್ಟು ಹೇಗೂ ಉಂಟು. ಅದನ್ನು ಮೊದಲು ತಿನ್ನೂದಾ, ಕೊನೆಗೆ ತಿನ್ನೂದಾ, ಅಷ್ಟು ನೀವು ಹೇಳಿ. ಮೊದಲು ತಿಂದರೆ ಕೊಡದಲ್ಲಿ ನೀರು ಇರ್ತದೆ, ಡಬ್ಬಿಯಲ್ಲಿ ಅಕ್ಕಿ ಇರ್ತದೆ, ಮೈಯಲ್ಲಿ ಕಸು ಇರ್ತದೆ. ಕೊನೆಗೆ ಮೂರೂ ಇರೂದಿಲ್ಲ.” ಮುದುಕ ಮುಂದುವರಿಸಿದ. “ಮಾಘದಲ್ಲಿ ಬನ್ನಿ. ಆಗ ಬಡಗಣ ಗಾಳಿ. ಹೋಗುವಾಗ ಎದುರು, ಬರುವಾಗ ಬೆನ್ನಿಗೆ. ಮಳೆ ಇಲ್ಲ, ಅಲೆ ಸಣ್ಣದು. ಹತ್ತು ದಿನಕ್ಕೆ ನಾನು ಜವಾಬ್ದಾರಿ. ಆದರೆ ಹೊರಟ ದಿನ ಊರು ನಗ್ತದೆ. ಅದಕ್ಕೆ ನನ್ನ ಹತ್ತಿರ ಮದ್ದಿಲ್ಲ.”

ವ್ಯಾಪಾರಿ ನಕ್ಕ. ನಗುವವರು ನಗಲಿ, ನಾನೇನು ಮಗುವೇ ಎಂದ. ದೋಣಿ ಗೊತ್ತು ಮಾಡಿ ಬಂದ. ದಡದ ಮೇಲೆ ನಿಂತು ಹಾಗೆ ಹೇಳುವುದು ಬಹಳ ಸುಲಭ.

ಮಾಘ ಬಂತು. ಈ ಕಾಲದಲ್ಲಿ ಯಾರಪ್ಪ ಹೊರಡುವವನು ಎಂದು ಊರಿನವರೆಲ್ಲ ನೋಡಲು ಬಂದರು. ಡೋಲು ಬಡಿದರು. ವ್ಯಾಪಾರಿಯ ತಾಯಿ ಹಣತೆ ಹಚ್ಚಿದಳು. ತಾಂಡೇಲ ಹಾಯಿ ಏರಿಸಿದ.

ಎದುರು ಗಾಳಿಗೆ ಹಾಯಿದೋಣಿ ನೇರವಾಗಿ ಹೋಗಲಾರದು. ಓರೆಯಾಗಿ ಆಳದ ಕಡೆ ಹೋಗಬೇಕು. ಅಲ್ಲಿ ತಿರುಗಿ, ಓರೆಯಾಗಿ ದಡದ ಕಡೆ ಬರಬೇಕು. ಮತ್ತೆ ತಿರುಗಿ ಆಳಕ್ಕೆ. ಹೀಗೆ ನೂರು ಸಲ ತಿರುಗಿದರೆ ಸ್ವಲ್ಪ ಮುಂದೆ. ಅವರ ದೋಣಿಯೂ ಜೋರಾಗಿ ಆಳಕ್ಕೆ ಹೋಯಿತು. ಜನ ಕೈ ಬೀಸಿದರು. ದೋಣಿ ತಿರುಗಿ ನೆಟ್ಟಗೆ ಜನರ ಕಡೆಗೇ ಬಂತು.

ಏನನ್ನೋ ಮರೆತಿರಬೇಕು ಎಂದುಕೊಂಡರು ಜನ. “ಉಪ್ಪಿನಕಾಯಿ ಭರಣಿಯಾ?” ಎಂದು ಯಾರೋ ಕೂಗಿದರು. ಮರುಕ್ಷಣ ದೋಣಿ ತಿರುಗಿ ಮತ್ತೆ ಆಳಕ್ಕೆ ಹೋಯಿತು. ಹಣತೆ ಆರಿತು. ಮಗನ ಮಾನ ಉಳಿಯಲಿ ಎಂದು ತಾಯಿ ಯಾರೂ ನೋಡದ ಹಾಗೆ ಮತ್ತೆ ಎಣ್ಣೆ ಹಾಕಿದಳು. ಅದೂ ಆರಿತು. ದೋಣಿ ಮೂರನೇ ಸಲ ದಡದ ಕಡೆ ಬಂದಾಗ ಡೋಲಿನವನು ಕೈ ನೋವು ಎಂದು ಡೋಲು ಕೆಳಗಿಟ್ಟ.

ಜನ ಮನೆಗೆ ಹೋಗಿ ಊಟ ಮಾಡಿ, ಒಂದು ನಿದ್ದೆ ತೆಗೆದು ಬಂದರು. ದೋಣಿ ಅಲ್ಲೇ ಕಾಣುತ್ತಿತ್ತು. “ಊಟಕ್ಕೆ ಬಂದು ಹೋಗಿ, ಮಾರಾಯರೇ!” ಎಂದು ಕೂಗಿದರು. ದಡವೆಲ್ಲ ನಕ್ಕಿತು. ನೀರಿನ ಮೇಲೆ ನಗು ಬಹಳ ದೂರ ಕೇಳುತ್ತದೆ.

ವ್ಯಾಪಾರಿ ಹೆಗಲಿನ ಶಲ್ಯವನ್ನು ಮುಖದ ಮೇಲೆ ಎಳೆದುಕೊಂಡ. ಹನ್ನೆರಡು ವರ್ಷದ ಹಿಂದೆ ಅರ್ಧ ಎಣ್ಣೆ ಉಳಿಸಿದವನು ಅವನು. ಅವನಿಗೆ ತಡೆಯಲಾಗಲಿಲ್ಲ. “ತಾಂಡೇಲರೇ, ದೋಣಿ ತಿರುಗಿಸಿ. ವೈಶಾಖದಲ್ಲೇ ಹೋಗೋಣ. ನಾವು ಮುಂದೆ ಹೋಗುತ್ತಿಲ್ಲ, ಬೆಳಗಿನಿಂದ ಒಂದೇ ಕಡೆ ಗಾಣದ ಎತ್ತಿನ ಹಾಗೆ ಸುತ್ತುತ್ತಿದ್ದೇವೆ” ಎಂದ.

ತಾಂಡೇಲ ದೋಣಿಯ ಮುಂಭಾಗದಲ್ಲಿ ಕೂತಿದ್ದ ವ್ಯಾಪಾರಿಯ ಹೆಂಡತಿಯ ಕಡೆ ನೋಡಿದ. ಬೆಳಗಿನಿಂದ ಅವಳು ದಡವನ್ನೇ ನೋಡುತ್ತಿದ್ದಳು.

“ತಿರುಗಿಸಬೇಡಿ” ಎಂದಳು ಅವಳು. ಗಂಡನ ಕಡೆ ತಿರುಗಿ ಹೇಳಿದಳು. “ಮೊದಲ ಸಲ ದಡಕ್ಕೆ ಬಂದಾಗ ನಮ್ಮ ಎದುರಿಗೆ ಬಂದರಿನ ಧ್ವಜದ ಕಂಬ ಇತ್ತು. ಎರಡನೇ ಸಲ ಉಪ್ಪಿನ ಗೋದಾಮು. ಮೂರನೇ ಸಲ ಆ ಒಂಟಿ ತಾಳೆಮರ. ಈಗ ನೋಡಿ, ಸುಣ್ಣದ ಗೂಡು. ನೀವು ಬೆಳಗಿನಿಂದ ಜನರ ಮುಖ ನೋಡ್ತಾ ಇದ್ದೀರಿ. ಜನ ನಮ್ಮ ಜೊತೆಗೇ ದಡದಲ್ಲಿ ನಡೆದು ಬರ್ತಾ ಇದ್ದಾರೆ. ಅದಕ್ಕೇ ನಾವು ನಿಂತಲ್ಲೇ ಇದ್ದ ಹಾಗೆ ಕಾಣ್ತದೆ.”

ವ್ಯಾಪಾರಿ ಶಲ್ಯ ಸರಿಸಿ ನೋಡಿದ. ಸುಣ್ಣದ ಗೂಡು ಹೌದು. ಬಂದರಿನ ಕಂಬ ಬಹಳ ಹಿಂದೆ, ಬೆರಳಿನಷ್ಟು ಕಾಣುತ್ತಿತ್ತು. ನಗಲೆಂದು ಜನ ಮರಳಿನಲ್ಲಿ ಒಂದು ಮೈಲಿ ನಡೆದು ಬಂದಿದ್ದರು. ನಗುವವರ ಶ್ರದ್ಧೆಯೂ ಸಣ್ಣದಲ್ಲ.

ಸಂಜೆ ಹೊತ್ತಿಗೆ ದೋಣಿ ಗುಡ್ಡ ದಾಟಿತು. ಅದನ್ನು ಯಾರೂ ನೋಡಲಿಲ್ಲ. ಅಷ್ಟರಲ್ಲಿ ಜನರಿಗೆ ಬೇಸರ ಬಂದಿತ್ತು.

ನಡುಗಡ್ಡೆ ಮುಟ್ಟಲು ಐದು ದಿನ ಹಿಡಿಯಿತು. ಮುಖಕ್ಕೆ ಉಪ್ಪುನೀರು ಎರಚಿತು. ಮೈ ಕೈ ನೊಂದಿತು. ಆದರೆ ಅಕ್ಕಿಯಿತ್ತು, ನೀರಿತ್ತು, ಆಕಾಶದಲ್ಲಿ ಒಂದು ತುಂಡು ಮೋಡವೂ ಇರಲಿಲ್ಲ. ಮೂರನೇ ದಿನ ಹೆಂಡತಿ ತಾನೇ ಎದ್ದು ಹಾಯಿಯ ಹಗ್ಗ ಹಿಡಿದಳು. ತಾಂಡೇಲ ಸರಿದು ಜಾಗ ಕೊಟ್ಟ. ಎದುರು ಗಾಳಿಯಲ್ಲಿ ಹಗ್ಗವನ್ನು ಯಾವಾಗ ಬಿಗಿಯಬೇಕು, ಯಾವಾಗ ಬಿಡಬೇಕು ಎಂದು ಅವಳ ಕೈ ಹನ್ನೆರಡು ವರ್ಷದ ಮೇಲೂ ಮರೆತಿರಲಿಲ್ಲ. ವ್ಯಾಪಾರಿ ಅವಳನ್ನೇ ನೋಡುತ್ತ ಕೂತ. ಅವನಿಗೆ ನಾಚಿಕೆಯೂ ಆಯಿತು, ಸಂತೋಷವೂ ಆಯಿತು. ಸಂತೋಷವೇ ಹೆಚ್ಚು.

ನಡುಗಡ್ಡೆಯಲ್ಲಿ ಮೂರು ದಿನ ಇದ್ದರು. ತಿಂದರು, ಮಲಗಿದರು, ಹಕ್ಕಿ ನೋಡಿದರು. ವಿಹಾರ ಎಂದರೆ ಅಷ್ಟೇ. ಅದನ್ನು ಕತೆಯಲ್ಲಿ ಹೇಳುವಂಥದ್ದೇನಿಲ್ಲ.

ಒಂಬತ್ತನೇ ದಿನ ಬೆಳಿಗ್ಗೆ ಹೊರಡಲು ಸಜ್ಜಾದರು. ಗಾಳಿ ಇರಲಿಲ್ಲ. ಕಡಲು ಎಣ್ಣೆ ಹಚ್ಚಿದ ಹಾಗೆ ಸುಮ್ಮನೆ ಬಿದ್ದಿತ್ತು. ಹಾಯಿ ಏರಿಸಿದರು, ಅದು ಕಂಬಕ್ಕೆ ಜೋತುಬಿತ್ತು. ಹೊತ್ತು ಮೇಲೇರಿತು. ಇಂದು ಹೊರಡದಿದ್ದರೆ ನಾಳೆ ಸಂಜೆಗೆ ಮನೆಯಿಲ್ಲ. ವ್ಯಾಪಾರಿ ಹೆಂಡತಿಯ ಮುಖ ನೋಡಲಾರದೆ ನೀರು ನೋಡುತ್ತ ನಿಂತ. ಅವಳು ದೋಣಿಯಿಂದ ಇಳಿದು ಮರಳಿನ ಮೇಲೆ ಕೂತಳು. ಹನ್ನೆರಡು ವರ್ಷದ ಹಿಂದೆ ಇದೇ ಮರಳಿನಲ್ಲಿ ಅವಳು ಹೀಗೆಯೇ ಕೂತಿದ್ದಳು.

ತಾಂಡೇಲ ಮಾತ್ರ ಗಂಜಿ ಉಂಡ. “ಮಾಘದ ಗಾಳಿ ತಡವಾಗಿ ಏಳ್ತದೆ, ಎದ್ದ ಮೇಲೆ ಮಲಗೂದಿಲ್ಲ” ಎಂದ.

ನಡು ಮಧ್ಯಾಹ್ನ ವ್ಯಾಪಾರಿಯ ಕತ್ತಿನ ಹಿಂಭಾಗ ತಣ್ಣಗಾಯಿತು. ಅವನು ತಿರುಗಿ ನೋಡಿದ. ಬಡಗಣ ದಿಕ್ಕಿನಲ್ಲಿ ನೀರು ಕಪ್ಪಾಗಿ, ಸುಕ್ಕುಸುಕ್ಕಾಗಿ, ಅವರ ಕಡೆ ಬರುತ್ತಿತ್ತು. ಹಾಯಿ ಒಂದು ಸಲ ಪಟಪಟ ಎಂದಿತು. ಮರುಕ್ಷಣ ಹೊಟ್ಟೆ ಉಬ್ಬಿಸಿ ನಿಂತಿತು. ಎಲ್ಲರೂ ಓಡಿ ಹತ್ತಿದರು, ದೋಣಿ ಹೊರಟಿತು.

“ಚುಕ್ಕಾಣಿ ನನಗೆ ಕೊಡಿ” ಎಂದಳು ಹೆಂಡತಿ.

ತಾಂಡೇಲ ಕೊಟ್ಟ. ಅವನು ಹೋಗಿ ನೆರಳಿನಲ್ಲಿ ಮಲಗಿದ. ದೋಣಿ ಯಾರ ಕೈಯಲ್ಲಿದೆ ಎಂದು ಅವನಿಗೆ ಗೊತ್ತಿತ್ತು.

ಆ ದಿನ ಕತ್ತಲಾಗುವವರೆಗೆ ಓಡಿದರು. ಒಂದು ಹೊಳೆಯ ಬಾಯಿಯಲ್ಲಿ ಲಂಗರು ಹಾಕಿ ತಂಗಿದರು. ಹೋಗುವಾಗ ಎರಡು ದಿನ ತಿಂದ ದಾರಿ ಹಿಂದೆ ಬಿದ್ದಿತ್ತು. ಮರುದಿನ ಮತ್ತೆ ಹೊರಟರು. ತಿರುಗುವುದಿಲ್ಲ, ಓರೆಯಿಲ್ಲ, ನೇರ ದಾರಿ. ದಡದ ಊರುಗಳು ಒಂದಾದ ಮೇಲೊಂದು ಹಿಂದೆ ಸರಿದವು. ಹೆಂಡತಿಯ ತಲೆಗೂದಲು ಬಿಚ್ಚಿತು. ಅವಳು ಕಟ್ಟಿಕೊಳ್ಳಲಿಲ್ಲ. ಚಿಕ್ಕಂದಿನಲ್ಲಿ ಕಲಿತ ದೋಣಿಯ ಹಾಡನ್ನು ಗಟ್ಟಿಯಾಗಿ ಹಾಡಿದಳು. ಆ ಹಾಡು ಅವಳಿಗೆ ಬರುತ್ತದೆ ಎಂದು ವ್ಯಾಪಾರಿಗೆ ಗೊತ್ತೇ ಇರಲಿಲ್ಲ.

ಹತ್ತನೇ ದಿನ, ಹೊತ್ತು ಇನ್ನೂ ಕಡಲಿನಿಂದ ಎರಡು ಮಾರು ಮೇಲಿರುವಾಗ, ದೋಣಿ ತುಂಬಿದ ಹಾಯಿಯಲ್ಲಿ ಗುಡ್ಡ ದಾಟಿ ಬಂದರಿನೊಳಕ್ಕೆ ನುಗ್ಗಿತು.

ದಡದಲ್ಲಿ ಕಾಯುವವರು ಯಾರೂ ಇರಲಿಲ್ಲ. ಬರುವವರನ್ನು ಕಾಯುವ ಪದ್ಧತಿಯೇ ಆ ಊರಿನಲ್ಲಿ ಇರಲಿಲ್ಲ. ಮೀನು ಒಣಗಿಸುತ್ತಿದ್ದ ಒಬ್ಬ ಹೆಂಗಸು ಮೊದಲು ನೋಡಿದಳು. “ಬಂದ್ರು! ಹಾಯಿಯಲ್ಲೇ ಬಂದ್ರು!” ಎಂದು ಬುಟ್ಟಿ ಬಿಸಾಡಿ ಕೂಗಿದಳು. ಜನ ಓಡಿ ಬಂದರು. ಡೋಲಿನವನೂ ಬಂದ. ಬರುವವರಿಗೆ ಯಾವ ಪೆಟ್ಟು ಬಡಿಯಬೇಕು ಎಂದು ಅವನಿಗೆ ಗೊತ್ತಿರಲಿಲ್ಲ. ಕೋಲು ಎತ್ತಿ ಹಿಡಿದು ನಿಂತುಬಿಟ್ಟ. ಆಮೇಲೆ ಕೈಗೆ ಬಂದಂತೆ ಬಡಿದ. ಆ ಊರಿನಲ್ಲಿ ಅಂಥ ಡೋಲನ್ನು ಯಾರೂ ಕೇಳಿರಲಿಲ್ಲ.

ಚುಕ್ಕಾಣಿ ಹಿಡಿದವಳನ್ನು ನೋಡಿ ಊರು ಬಾಯಿ ಬಿಟ್ಟಿತು. ಅವಳು ಯಾರನ್ನೂ ನೋಡಲಿಲ್ಲ. ದೋಣಿಯನ್ನು ಮರಳಿಗೆ ಒರಗಿಸಿ, ಹಗ್ಗವನ್ನು ತಾನೇ ದಡಕ್ಕೆ ಎಸೆದಳು. ಸೀರೆಯ ಅಂಚು ಒದ್ದೆಯಾಗಿಯೇ ನಡೆದು, ಮನೆಯ ಮುಂಬಾಗಿಲಿಗೆ ಬಂದು, ಹೊಸ್ತಿಲು ದಾಟಿದಳು. ಬಿಸಿಲು ಅವಳ ಹಿಂದೆಯೇ ಒಳಗೆ ಬಂತು.

ಅವಳು ತಿರುಗಿ ಗಂಡನಿಗೆ ಹೇಳಿದಳು. “ನನಗೆ ಕಡಲಿನ ಮೇಲೆ ಸಿಟ್ಟಿರಲಿಲ್ಲ. ನಿಮ್ಮ ಮೇಲೆ ಇತ್ತು. ಇವತ್ತು ಹೋಯ್ತು. ಬರುವ ಮಾಘಕ್ಕೂ ಅದೇ ತಾಂಡೇಲರಿಗೆ ಹೇಳಿಡಿ.”

ವ್ಯಾಪಾರಿ ಜಗಲಿಯ ಮೇಲೆ ಕೂತು, ಊರೆಲ್ಲ ನೋಡುತ್ತಿದ್ದ ಹಾಗೆಯೇ ಅತ್ತ. ಆ ದಿನ ಅವನು ಮುಖಕ್ಕೆ ಶಲ್ಯ ಎಳೆದುಕೊಳ್ಳಲಿಲ್ಲ.

ಗುರು ಕತೆ ನಿಲ್ಲಿಸಿದರು.

ಶಿಷ್ಯನ ಮುಖ ಅರಳಿತು. “ತಿಳಿಯಿತು, ಗುರುಗಳೇ. ಎದುರು ಗಾಳಿಯ ಕಾಲವೇ ಒಳ್ಳೆಯ ಕಾಲ. ಈಗ ನನ್ನದೂ ಮಾಘ” ಎಂದ.

“ಗಾಳಿಯ ವಿಷಯ ತಾಂಡೇಲನನ್ನು ಕೇಳು, ನನಗೆ ಈಜು ಕೂಡ ಬಾರದು” ಎಂದರು ಗುರು. ಆಮೇಲೆ ಅವನ ಮುಖವನ್ನೇ ನೋಡಿ ಕೇಳಿದರು. “ನೀನು ಕೂತಲ್ಲೇ ಕೂತಿದ್ದೀ ಎಂದು ಹೇಳಿದವರು ದೋಣಿಯಲ್ಲಿದ್ದವರೋ, ದಡದಲ್ಲಿದ್ದವರೋ?”